ಮೌಲಾಲಿ ದುಕಾನದ ಎದುರಿಗೆ: ಇನ್‌ವ್ಯಾಲಿಡ್

೧
1999ರ ಮೇ 17, ಸೋಮವಾರ, ಬೆಳಗ್ಗೆ 11 ಗಂಟೆ 20 ನಿಮಿಷ. ಹೀಗೆ ಶುರು ಮಾಡಿದರೆ ನೀವು ನಂಬುತ್ತೀರಿ. (ನಿಮಿಷ ಸೇರಿಸಿದರೆ ಸುಳ್ಳಿಗೂ ಗಾಂಭೀರ್ಯ ಬರುತ್ತದೆ.) ಮೊದಲ ಕರಡಿನಲ್ಲಿ ಸೂರ್ಯೋದಯವಿತ್ತು. ಕಂಪ್ಯೂಟರ್ ಸೆಂಟರಿನ ಬಾಗಿಲು ತೆರೆಯುವುದೇ ಹತ್ತಕ್ಕಾದ್ದರಿಂದ ಹರಿದು ಹಾಕಿದೆ.

೨
ಆಳಂದದ ಆ ಸೆಂಟರಿನಲ್ಲಿ ಕಲಿಸುವ ಶಿವಕಾಂತಾ ಬಿ.ಎಸ್ಸಿ. ಓದಿದವಳು. ಗುಲಬರ್ಗಾದ ಖಾಸಗಿ ಆಸ್ಪತ್ರೆಯೊಂದಕ್ಕೆ ಮಾಡರ್ನ್ ಆಗುವ ಹುಕಿ ಬಂದು, ಲ್ಯಾಬ್ ಕೆಲಸದ ಅರ್ಜಿಗೆ ವೆಬ್ ಫಾರ್ಮ್ ಮಾಡಿಸಿತ್ತು. ಇಮೇಲ್ ಪರೀಕ್ಷಿಸುವ ಜಾವಾಸ್ಕ್ರಿಪ್ಟ್ ಬರೆದುಕೊಟ್ಟವಳು ಶಿವಕಾಂತಾ. ನಡುವೆ @ ಇರಬೇಕು, ಅದರಾಚೆ ಚುಕ್ಕಿ ಇರಬೇಕು, ಖಾಲಿ ಜಾಗ ಇರಕೂಡದು. ತಪ್ಪಿದರೆ ಪರದೆಯ ಮೇಲೆ ಒಂದು ಪೆಟ್ಟಿಗೆ ಜಿಗಿಯುತ್ತದೆ: ಇನ್‌ವ್ಯಾಲಿಡ್ ಅಡ್ರೆಸ್. ಅದು ಜಿಗಿದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿ.

೩
ಅವತ್ತು ಅರ್ಜಿ ಹಾಕಲು ಬಂದವಳು ಕುಲಸುಮಬಿ. ಲ್ಯಾಬ್ ಕೋರ್ಸ್ ಮುಗಿಸಿದ್ದಳು. ಈ ಕೆಲಸ ಸಿಕ್ಕರೆ, ಖಜೂರಿಯ ಲಾರಿ ಮಾಲೀಕನಿಗೆ ಲಗ್ನ ಮಾಡಿಕೊಡುವ ಮಾತು ಬಿಡುತ್ತೇನೆಂದು ಅಪ್ಪ ಹೇಳಿದ್ದ. ಅವಳಿಗೆ ಇಮೇಲ್ ಇರಲಿಲ್ಲ. ಅವಳ ಓಣಿಯ ಮನೆಗಳಿಗೆ ನಂಬರೂ ಇರಲಿಲ್ಲ. ಎಲ್ಲರ ಟಪಾಲೂ ಮೌಲಾಲಿಯ ಕಿರಾಣಿ ದುಕಾನಿಗೆ ಬರುತ್ತಿತ್ತು, ಅವನು ಕೂಗಿ ಕರೆದು ಕೊಡುತ್ತಿದ್ದ. ಇಮೇಲಿನ ಜಾಗದಲ್ಲಿ ಅವಳು ಎರಡು ಬೆರಳಲ್ಲಿ ಅದನ್ನೇ ಕುಟ್ಟಿದಳು: ಕುಲಸುಮಬಿ, ಮೌಲಾಲಿ ದುಕಾನದ ಎದುರಿಗೆ, ಆಳಂದ.

ಪೆಟ್ಟಿಗೆ ಜಿಗಿಯಿತು.

"ತಪ್ಪು ಹೆಂಗ್ರಿ ಅಕ್ಕಾರ? ಈ ಪತ್ತೇಕ್ಕ ಬೊಂಬಾಯಿಲಿಂದ ಟಪಾಲ ಬರ್ತಾವ."

"ಕಂಪ್ಯೂಟರಿಗೆ ನಿಮ್ಮ ಮೌಲಾಲಿ ಗೊತ್ತಿಲ್ಲ ಬೇ," ಎಂದಳು ಶಿವಕಾಂತಾ.

ಸೆಂಟರಿನ ಮಾಲೀಕ ದೌಲತರಾಯ ನಡುವೆ ಬಗ್ಗಿದ. "ಜಲ್ದಿ ಮುಗಸ್ರಿ ಮೇಡಂ, ಇಂಟರ್ನೆಟ್ಟಿಗೆ ಫೋನಿನ ಮೀಟರ ಓಡಾಕತ್ತದ. ಏನರೆ ಹೊಡದು ಬಿಡ್ರಿ." ತಾನೇ ಒತ್ತಿದ: a@b.c.

ಪೆಟ್ಟಿಗೆ ಸುಮ್ಮನಿತ್ತು. ಅರ್ಜಿ ಹೋಯಿತು.

"ನೋಡ್ರಿ, ನಿಮ್ಮ ಪ್ರೋಗ್ರಾಂ ನನಗ ಸಲಾಂ ಹೊಡೀತು!"

(ಟಪಾಲು ತಲುಪುವ ವಿಳಾಸ ತಪ್ಪು, ಯಾರೂ ಇಲ್ಲದ ವಿಳಾಸ ಸರಿ. ಇದಕ್ಕೆ ಲಾಜಿಕ್ ಎನ್ನುತ್ತಾರೆ.)

೪
ಮುಂದಿನ ಸೋಮವಾರ ಕುಲಸುಮಬಿ ಸೆಂಟರಿನಲ್ಲಿ ಕೂತು "ಬಂತೇನ್ರಿ ಇಂಟರ್ವ್ಯೂದ ಕರೆ?" ಎಂದು ಕೇಳುತ್ತಿದ್ದಾಗಲೇ ಆಸ್ಪತ್ರೆಯಿಂದ ಫೋನ್ ಬಂತು. ದೌಲತರಾಯ ತನ್ನ a@b.c ಜಾಣತನವನ್ನು ಅಫಜಲಪುರ, ಜೇವರ್ಗಿಯ ಸೆಂಟರುಗಳಿಗೂ ಹಂಚಿದ್ದ.

"ಮೂರು ತಾಲೂಕಿನ ಮಂದಿ ಎಲ್ಲಾ ಒಂದೇ ಮನ್ಯಾಗ ಇರ್ತಾರೇನ್ರಿ? ಆ ಇಮೇಲಿಗೆ ಕಳಿಸಿದ್ದೆಲ್ಲಾ ವಾಪಸ್ ಬಂದದ. ಅವರ ಹೆಸರ ತೆಗದೀವಿ. ಇಂಟರ್ವ್ಯೂ ಇವತ್ತೇ, ಮೂರಕ್ಕ," ಎಂದರು ಆಸ್ಪತ್ರೆಯವರು.

೫
ಅಂತ್ಯ ಅ: ಶಿವಕಾಂತಾ ಪಶ್ಚಾತ್ತಾಪದಿಂದ ಬಿಕ್ಕಿ ಬಿಕ್ಕಿ ಅತ್ತಳು. (ಅವಳೇ ಬಂದು ಅಡ್ಡಗೆರೆ ಎಳೆದಳು. "ನಾ ಯಾಕ ಅಳ್ಲಿರಿ? ಪತ್ತೇದ ಆಕಾರ ನೋಡಂದ್ರು, ನೋಡೇನಿ. ಅಲ್ಲಿ ಮನುಷ್ಯಾರು ಅದಾರೇನು ಅಂತ ಯಾರೂ ಕೇಳಿಲ್ಲ." ಹೇಳುತ್ತ ಹೇಳುತ್ತ ಅವಳ ಧ್ವನಿ ಸಣ್ಣದಾಯಿತು.)

ಅಂತ್ಯ ಆ: ಆಸ್ಪತ್ರೆಯವರು ಮರುಗಿ, ಮೌಲಾಲಿಯ ದುಕಾನಿಗೇ ಕರೆಪತ್ರ ಹಾಕಿದರು. (ಇದಕ್ಕೆ ನಾನೇ ನಕ್ಕೆ.)

ಮೂರನೆಯದಕ್ಕೆ ಪೆನ್ನು ಎತ್ತುವಷ್ಟರಲ್ಲಿ ಕುಲಸುಮಬಿ ಸರ್ಟಿಫಿಕೇಟಿನ ಫೈಲು ಹಿಡಿದು ಎದ್ದಳು.

"ಎಲ್ಲಿಗೆ?" ಎಂದೆ.

"ಇಂಟರ್ವ್ಯೂಕ್ಕರಿ."

"ಅಲ್ಲಿ ನಿನ್ನ ಹೆಸರೇ ಇಲ್ಲವಲ್ಲ."

"ಹೆಸರ ಇಲ್ಲಂದ್ರ ಏನಾತು, ನಾ ಅದೀನಲ್ರಿ. ನೀವು ಕುಂತು ಬರೀರಿ, ನನ್ನ ಬಸ್ ತಪ್ಪತದ."

ಶಿವಕಾಂತಾ ಒಂದು ಕ್ಷಣ ಪರದೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಿಲ್ಲ ಬೇ, ನಾನೂ ಬರ್ತೇನಿ" ಎಂದು ಹಿಂದೆ ಓಡಿದಳು.

ಒಳಗೆ ಬಿಟ್ಟರೋ ಇಲ್ಲವೋ, ನಾನು ಬರೆಯುವುದಿಲ್ಲ. ನೀವು ಊಹಿಸಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಬಸ್ಸು ಬಿಟ್ಟಿದೆ. ಆಳಂದದಿಂದ ಗುಲಬರ್ಗಾಕ್ಕೆ 42 ಕಿಲೋಮೀಟರ್.