ಡಿಸ್ಕಿನೊಳಗಿನ ಹೊಲ

ಆಟ ಮುಗಿದ ಮೇಲೂ ಡಿಸ್ಕನ್ನು ಕನ್ಸೋಲಿನೊಳಗೇ ಬಿಡುವವರನ್ನು ಕಂಡರೆ ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಂಡ ತಟ್ಟೆಯನ್ನು ತೊಳೆಯದೆ ಮಂಚದ ಕೆಳಗೆ ತಳ್ಳುವವರಿಗೂ ಇವರಿಗೂ ನನ್ನ ಪ್ರಕಾರ ವ್ಯತ್ಯಾಸವೇ ಇರಲಿಲ್ಲ. ಒಳಗೆ ಧೂಳು ಕೂರುತ್ತದೆ. ಯಾರಾದರೂ ಕನ್ಸೋಲನ್ನು ಎತ್ತಿ ಆಚೀಚೆ ಇಟ್ಟರೆ ಡಿಸ್ಕಿಗೆ ಗೀರು ಬೀಳುತ್ತದೆ. ನಾನು ಪ್ರತಿ ಸಲ ಡಿಸ್ಕು ತೆಗೆದು, ಹಳೆಯ ಬನಿಯನ್ನಿನ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಡಬ್ಬಿಗೆ ಹಾಕಿ ಮುಚ್ಚಿದ ಮೇಲೆಯೇ ಬೇರೆ ಕೆಲಸ. ಈ ನೇಮವನ್ನು ಮುರಿಸಿದವರು ನನ್ನ ಮನೆ ಮಾಲೀಕರು, ಜರಗನಹಳ್ಳಿಯ ಚಿಕ್ಕಬೈರಪ್ಪನವರು.

ಇದು 2003ರ ಮಾತು. ನಾನು ಇಳಕಲ್ಲಿನ ಕಡೆಯವನು, ಹೆಸರು ಗುರುಸಿದ್ದ. ಬಿಟಿಎಂ ಲೇಔಟಿನ ಒಂದು ಕೊರಿಯರ್ ಆಫೀಸಿನಲ್ಲಿ ಬೆಳಗಿನ ಪಾಳಿ. ಮಧ್ಯಾಹ್ನ ಮೂರಕ್ಕೆಲ್ಲ ರೂಮಿಗೆ ಬಂದು ಬೀಳುತ್ತಿದ್ದೆ. ರೂಮು ಎಂದರೆ ಚಿಕ್ಕಬೈರಪ್ಪನವರ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆ, ಪಕ್ಕದಲ್ಲಿ ನೀರಿನ ಟ್ಯಾಂಕು. ಊರು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬ ತನ್ನ ಹಳೆಯ ಗೇಮ್ ಕನ್ಸೋಲನ್ನು ನಾಲ್ಕು ಡಿಸ್ಕುಗಳ ಸಮೇತ ನನಗೆ ಕೊಟ್ಟಿದ್ದ. ಮೂರು ಡಿಸ್ಕು ಕ್ರಿಕೆಟ್ಟು, ಕಾರು, ಗುದ್ದಾಟ. ನಾಲ್ಕನೆಯದು ಬೇಸಾಯದ ಆಟ. ಟೋಪಿ ಹಾಕಿಕೊಂಡ ಪುಟ್ಟ ಮನುಷ್ಯ ಕಳೆ ಕಿತ್ತು, ಕಲ್ಲು ಒಡೆದು, ಬೀಜ ಹಾಕಿ, ನೀರು ಹನಿಸಿ ಬೆಳೆ ತೆಗೆಯುವುದು, ಅಷ್ಟೇ.

ಒಂದು ಸಂಜೆ ಟ್ಯಾಂಕು ತುಂಬಿತೋ ಇಲ್ಲವೋ ನೋಡಲು ಮೇಲೆ ಬಂದ ಚಿಕ್ಕಬೈರಪ್ಪನವರು ಬಾಗಿಲಲ್ಲಿ ನಿಂತು ನನ್ನ ಟಿವಿಯನ್ನೇ ನೋಡಿದರು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನಾನು ಅಡ್ಡಾದಿಡ್ಡಿ ಬೀಜ ಚೆಲ್ಲುತ್ತಿದ್ದುದನ್ನು ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ, ಓಡಾಡಲು ದಾರಿ ಬಿಡದೆ ಬಿತ್ತಿದರೆ ನಡುವಿನ ಪೈರಿಗೆ ನೀರು ಹೇಗೆ ಮುಟ್ಟಿಸುತ್ತೀಯ ಎಂದು ಗದರಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಸಿಟ್ಟು ಬಂದು, ಹಾಗಾದರೆ ನೀವೇ ಮಾಡಿ ಎಂದು ಆಟದ ರಿಮೋಟನ್ನು ಅವರ ಕೈಗಿಟ್ಟೆ. ಅವರು ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು ಒಳಗೆ ಬಂದು ಕೂತರು.

ಅಲ್ಲಿಂದ ಮುಂದೆ ಸಂಜೆ ನಾಲ್ಕೆಂದರೆ ಅವರು ನನ್ನ ರೂಮಿನಲ್ಲಿ. ಇಂಗ್ಲಿಷು ಬರದು. ಚಿತ್ರ ನೋಡಿಯೇ ಎಲ್ಲ ಕಲಿತರು. ಹಸು ಕೊಂಡ ದಿನ ಅದಕ್ಕೆ ಗೌರಿ ಎಂದು ಹೆಸರು ಬರೆಸಿದರು. ಹೊಲದ ಮೂಲೆಯಲ್ಲಿ ಒಂದು ಕಲ್ಲನ್ನು ಮಾತ್ರ ಒಡೆಯದೆ ಬಿಟ್ಟರು. ಅದನ್ನೂ ಒಡೆದರೆ ಇನ್ನೊಂದಿಷ್ಟು ಜಾಗ ಸಿಗುತ್ತದಲ್ಲ ಎಂದು ನಾನು ಕೆಣಕಿದರೆ, ಅದು ಮುನೇಶ್ವರ, ಹೊಲ ಕಾಯುವವನು, ಅದರ ತಂಟೆಗೆ ಹೋಗಬೇಡ ಎಂದರು. ಅವರ ನಿಜವಾದ ಹೊಲದಲ್ಲೂ ಮೂಲೆಯಲ್ಲೊಂದು ಮುನೇಶ್ವರನ ಕಲ್ಲು ಇತ್ತಂತೆ.

ಆ ಹೊಲದ ಕತೆಯನ್ನು ನನಗೆ ಹೇಳಿದವರು ಅವರ ಹೆಂಡತಿ ಲಕ್ಷ್ಮಿದೇವಮ್ಮ. ಕನಕಪುರ ರಸ್ತೆಯ ಪಕ್ಕ ಎರಡು ಎಕರೆ. ರಾಗಿ, ಅವರೆ, ಬದನೆ ಬೆಳೆಯುತ್ತಿದ್ದರು. ಬೇಸಾಯವೆಲ್ಲ ಇವರದು, ಕಾಗದ ಪತ್ರವೆಲ್ಲ ಅಣ್ಣ ಬೈರಣ್ಣನ ಹೆಸರಲ್ಲಿ. 1994ರಲ್ಲಿ ಅಣ್ಣ ಅದನ್ನು ಲೇಔಟಿನವರಿಗೆ ಬರೆದುಕೊಟ್ಟ. ತಮ್ಮನಿಗೆ ಹೇಳಲಿಲ್ಲ. ಪತ್ರವಾಗಿ ನಾಲ್ಕು ತಿಂಗಳಾದರೂ ಇವರು ದಿನಾ ಹೋಗಿ ಕಳೆ ಕೀಳುತ್ತಲೇ ಇದ್ದರು. ಹೂ ಬಿಟ್ಟ ಅವರೆಯ ಮೇಲೆ ಯಂತ್ರ ಹತ್ತಿದ ದಿನವೇ ಇವರಿಗೆ ಗೊತ್ತಾದದ್ದು. ಊರ ಹಿರಿಯರು ಕೂತು ಈ ಮನೆಯನ್ನೂ ಇದರ ಬಾಡಿಗೆಗಳನ್ನೂ ತಮ್ಮನಿಗೆ ಕೊಡಿಸಿದರು. ಅಣ್ಣ ತಮ್ಮ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಮೊದಲ ದಿನ ನಾನು ಡಿಸ್ಕು ತೆಗೆಯಲು ಹೋದಾಗಲೇ ಚಿಕ್ಕಬೈರಪ್ಪನವರು ನನ್ನ ಕೈ ಹಿಡಿದುಕೊಂಡಿದ್ದರು.

"ಬೆಳೆ ನಿಂತಿರೋ ಹೊಲಾನ ಕಿತ್ತು ಡಬ್ಬಿಗ್ ಹಾಕ್ತೀಯಲ್ಲಪ್ಪ. ಒಳಗೇ ಇರ್ಲಿ ಬುಡು."

ಹೊಲ ಇರುವುದು ಡಿಸ್ಕಿನಲ್ಲಲ್ಲ. ಕನ್ಸೋಲಿನ ಮುಂದುಗಡೆ ಸಿಕ್ಕಿಸುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೆಮೊರಿ ಕಾರ್ಡಿನಲ್ಲಿ. ಡಿಸ್ಕಿನಲ್ಲಿರುವುದು ಆಟ ಮಾತ್ರ. ಅವರು ಬಿತ್ತಿದ್ದು, ಬೆಳೆದದ್ದು, ಗೌರಿ, ಎಲ್ಲವೂ ಕಾರ್ಡಿನಲ್ಲಿ. ಇದನ್ನು ಹೇಳಲು ನನಗೆ ಐದು ನಿಮಿಷ ಸಾಕಿತ್ತು. ಈ ಮುದುಕರಿಗೆ ಅದನ್ನೆಲ್ಲ ಬಿಡಿಸಿ ಹೇಳುತ್ತ ಕೂರುವವರು ಯಾರು ಎನ್ನಿಸಿತು. "ಆತ್ರಿ ಯಜಮಾನ್ರ, ಒಳಗ ಬಿಡ್ತೀನಿ. ನಿಮ್ಮ ಹೊಲ ಡಿಸ್ಕಿನ್ಯಾಗ ಭದ್ರ ಐತಿ" ಎಂದುಬಿಟ್ಟೆ. ಅವರು ಹೋದ ಮೇಲೆ ಡಿಸ್ಕು ತೆಗೆದು ಒರೆಸಿ ಡಬ್ಬಿಗೆ ಹಾಕುತ್ತಿದ್ದೆ. ಮರುದಿನ ಮೂರೂವರೆಗೆ ಮತ್ತೆ ಒಳಗಿಡುತ್ತಿದ್ದೆ. ಹೀಗೆ ಕದ್ದು ಮಾಡುವುದೂ ಬೇಸರವಾಗಿ, ಕೊನೆಗೆ ನಿಜವಾಗಿಯೂ ಒಳಗೇ ಬಿಟ್ಟೆ. ಕ್ರಿಕೆಟ್ಟು ಆಡುವುದೇ ನಿಂತಿತು. ಅವರ ಹೊಲ ನೋಡುವುದರಲ್ಲಿ ನನಗೂ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಕಾರ್ತಿಕದಲ್ಲಿ ಚಿಕ್ಕಬೈರಪ್ಪನವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ನಾಗಿ ರಾಡು ಹಾಕಿದರು. ಮೂರು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ ಎಂದಾಯಿತು. ನಾನು ಆಸ್ಪತ್ರೆಗೆ ನೋಡಲು ಹೋದಾಗ ಅವರು ತಮ್ಮ ಕಾಲಿನ ವಿಷಯ ಎತ್ತಲಿಲ್ಲ. ಡಿಸ್ಕು ತೆಗೆಯಬೇಡ ಎಂದರು. ಮಾತು ಕೊಟ್ಟೆ.

ಆ ಮಾತನ್ನು ನಾನು ಎಷ್ಟು ಚೆನ್ನಾಗಿ ಉಳಿಸಿಕೊಂಡೆ ಎಂದರೆ, ಈಗ ನೆನೆದರೆ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ. ಕನ್ಸೋಲಿನ ಮೇಲೆ ಟವೆಲ್ಲು ಹೊದಿಸಿದೆ. ಕಸ ಗುಡಿಸಲು ಬರುತ್ತಿದ್ದ ಮುನಿಲಕ್ಷ್ಮಮ್ಮನಿಗೆ ಅದನ್ನು ಮುಟ್ಟಲೂ ಕೂಡದು ಎಂದು ಹೇಳಿದೆ. ಆಫೀಸಿನ ರವಿಕುಮಾರ ತಾನೂ ಅಂಥದೇ ಕನ್ಸೋಲು ಕೊಂಡು, ಬೇಸಾಯದ ಡಿಸ್ಕನ್ನು ಒಂದು ವಾರಕ್ಕೆ ಕೇಳಿದಾಗ ಖಂಡಿತ ಇಲ್ಲ ಎಂದೆ. ಹಾಗಾದರೆ ಮೆಮೊರಿ ಕಾರ್ಡಾದರೂ ಕೊಡು, ನನ್ನದು ಕೆಟ್ಟಿದೆ ಎಂದ. ಕೊಟ್ಟೆ. ಯೋಚನೆ ಕೂಡ ಮಾಡಲಿಲ್ಲ. ಹೊಲ ಡಿಸ್ಕಿನಲ್ಲಿದೆ ಎಂದು ಅವರಿಗೆ ಹೇಳಿ ಹೇಳಿ ನನಗೂ ಅದೇ ನಿಜವಾಗಿಬಿಟ್ಟಿತ್ತೋ ಏನೋ.

ಎರಡು ವಾರದ ಮೇಲೆ ಕಾರ್ಡು ಹಿಂದಿರುಗಿಸುತ್ತ ರವಿಕುಮಾರ, ಕಾರ್ಡಿನಲ್ಲಿ ಜಾಗ ಸಾಲದೆ ಏನೋ ಹಸು ಕೋಳಿಯ ಆಟ ಇದ್ದದ್ದನ್ನು ಅಳಿಸಿದೆ ಎಂದು ನಗುತ್ತಲೇ ಹೇಳಿದ. ಕೈಯಲ್ಲಿದ್ದ ಪಾರ್ಸೆಲ್ಲನ್ನು ನಾನು ಯಾವ ಊರಿನ ಚೀಲಕ್ಕೆ ಹಾಕಿದೆನೋ ನೆನಪಿಲ್ಲ. ಅವನನ್ನು ಬೈಯಲು ಬಾಯಿ ಬರಲಿಲ್ಲ. ತಪ್ಪು ಅವನದಾಗಿರಲಿಲ್ಲ.

ಅಂದೇ ಹೋಗಿ ಹೇಳಿಬಿಡಬೇಕೆಂದು ಕೆಳಮನೆಗೆ ಇಳಿದೆ. ಚಿಕ್ಕಬೈರಪ್ಪನವರು ವಾಕರ್ ಹಿಡಿದು ನಡುಮನೆಯಲ್ಲಿ ಹೆಜ್ಜೆ ಹಾಕುತ್ತಿದ್ದರು. ಹಣೆಯಲ್ಲಿ ಬೆವರು. ಲಕ್ಷ್ಮಿದೇವಮ್ಮ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದು ಮೆಲ್ಲಗೆ, "ನೋವು ಅಂತ ಮೊದ್ಲು ಕಾಲೇ ಊರ್ತಿರ್ಲಿಲ್ಲ ಕಣಪ್ಪ. ಮೆಟ್ಲು ಹತ್ಬೇಕು, ಗೌರಿ ನೋಡ್ಬೇಕು ಅಂತ ಈಗ ದಿನಕ್ ಮೂರ್ ಕಿತ ನಡೀತಾರೆ" ಎಂದರು. ನಾನು ಕಾಫಿ ಕುಡಿದು ಮೇಲೆ ಬಂದೆ.

ಇನ್ನು ಐದು ವಾರ ಇತ್ತು. ಹೊಲವನ್ನು ನಾನೇ ಮತ್ತೆ ಮಾಡಿಬಿಡುತ್ತೇನೆ ಎಂದು ಹಟ ಹಿಡಿದೆ. ಮೂರು ಗಂಟೆಗೆ ಬಂದವನು ಕತ್ತಲಾಗುವವರೆಗೆ ಕಳೆ ಕಿತ್ತೆ, ಕಲ್ಲು ಒಡೆದೆ, ಅವರು ಬಿಡುತ್ತಿದ್ದಂತೆಯೇ ದಾರಿ ಬಿಟ್ಟು ಬಿತ್ತಿದೆ. ಆಟದ ಲೆಕ್ಕದಲ್ಲಿ ಅವರ ಹೊಲದಲ್ಲಿ ಮೂರು ವರ್ಷದ ಬೆಳೆ ಬಂದು ಹೋಗಿತ್ತು. ನನ್ನದು ಎರಡನೆಯ ವರ್ಷಕ್ಕೆ ಮುಟ್ಟಿತು. ಕೋಳಿ ತಂದೆ. ಹಸು ತಂದು ಗೌರಿ ಎಂದೇ ಬರೆದೆ. ಕೊನೆಯ ದಿನ ನೋಡಿದರೆ ನನಗೇ ವ್ಯತ್ಯಾಸ ಗೊತ್ತಾಗಲಿಲ್ಲ. ಒಪ್ಪ ಓರಣದಲ್ಲಂತೂ ಅವರದಕ್ಕಿಂತ ಒಂದು ಕೈ ಮೇಲೆಯೇ ಇತ್ತು.

ಸಂಕ್ರಾಂತಿಯಾದ ವಾರ ಅವರು ಬಂದರು. ಹದಿನೆಂಟು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು. ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ಡಿಸ್ಕು ಒಳಗೇ ಇದೆಯಾ ಎಂದು ಕೇಳಿದರು. ಮುಚ್ಚಳ ಎತ್ತಿ ತೋರಿಸಿದೆ. ಅವರ ಮುಖ ಅರಳಿದ್ದನ್ನು ನಾನು ನೋಡಲಾರದೆ ಟಿವಿ ಹಾಕಲು ತಿರುಗಿದೆ.

ಹೊಲ ಬಂತು. ಪೈರು ಸಾಲಾಗಿ ನಿಂತಿತ್ತು. ಅವರು ಪುಟ್ಟ ಮನುಷ್ಯನನ್ನು ನಡೆಸಿಕೊಂಡು ಸಾಲುಗಳ ನಡುವೆ ಒಂದು ಸುತ್ತು ಹೋದರು. ಬೇಲಿಯ ಉದ್ದಕ್ಕೂ ಹೋಗಿ ಮೂಲೆಯಲ್ಲಿ ನಿಲ್ಲಿಸಿದರು. ಬಹಳ ಹೊತ್ತು ಅಲ್ಲೇ ನಿಂತರು. ಆಗ ನನಗೆ ತಟ್ಟಿತು. ಎಲ್ಲ ಚೊಕ್ಕಟವಾಗಿರಬೇಕೆಂಬ ನನ್ನ ಚಾಳಿಯಲ್ಲಿ ಒಂದು ಕಲ್ಲನ್ನೂ ಬಿಡದೆ ಒಡೆದಿದ್ದೆ.

"ಮುನೇಶ್ವರ ಎಲ್ಲಪ್ಪ?" ಎಂದರು.

ಅವರು ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ನಿಂತರು. ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡರು.

"ಇದು ನನ್ ಹೊಲ ಅಲ್ಲ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಕಾರ್ಡನ್ನು ಕಿತ್ತು ಅವರ ಅಂಗೈಮೇಲಿಟ್ಟು, ನಿಮ್ಮ ಹೊಲ ಇದರಲ್ಲಿತ್ತು, ಡಿಸ್ಕಿನಲ್ಲಿ ಯಾವತ್ತೂ ಇರಲಿಲ್ಲ, ಇದನ್ನು ನಾನು ಇನ್ನೊಬ್ಬನಿಗೆ ಕೊಟ್ಟೆ, ಅವನು ಅಳಿಸಿದ ಎಂದೆ. ಕ್ಷಮಿಸಿ ಎಂದೆ. ಮೂಲೆಯಲ್ಲಿ ಕಲ್ಲು ಬಿಟ್ಟು ಮೊದಲಿನಿಂದ ಮಾಡೋಣ ಎಂದೆ.

ಅವರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಒರಟು ಅಂಗೈಯಲ್ಲಿ ಅದು ತೀರ ಸಣ್ಣದಾಗಿ ಕಾಣುತ್ತಿತ್ತು.

"ಆವಾಗ್ಲೂ ಇಂಗೇ ಕಣಪ್ಪ. ಹೊಲ ನನ್ ಕಾಲ್ ಕೆಳಗೇ ಐತೆ ಅನ್ಕಂಡು ಕಳೆ ಕೀಳ್ತಿದ್ದೆ. ಅದು ಇದ್ದಿದ್ದು ಪತ್ರದಲ್ಲಿ. ಪತ್ರ ಇನ್ನೊಬ್ರ ತಾವ ಇತ್ತು." ಕಾರ್ಡನ್ನು ನನ್ನ ಕಡೆಗೆ ಹಿಡಿದು ಕೇಳಿದರು. "ಇದ್ರಾಗೈತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ರಿ."

"ಮೊದ್ಲಿಂದ್ಲೂ?"

"ಮೊದಲಿಂದನೂ ಗೊತ್ತಿತ್ರಿ."

ಅವರು ತಲೆಯಾಡಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನಮ್ಮಣ್ಣಂಗೂ ಗೊತ್ತಿತ್ತು" ಎಂದರು.

ಕಾರ್ಡನ್ನು ಟಿವಿಯ ಪಕ್ಕ ಇಟ್ಟು ಎದ್ದರು. ನಾನು ಹಿಡಿದುಕೊಳ್ಳಲು ಹೋದರೆ ಬೇಡ ಎಂದು ಕೈಯಾಡಿಸಿ, ಚಪ್ಪಲಿ ಮೆಟ್ಟಿ, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಕೆಳಗೆ ಬಿಟ್ಟು ಬಂದಿದ್ದ ವಾಕರಿನ ಸದ್ದು ನಡುಮನೆ ಸೇರುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ನಾನು ಅಲ್ಲಿದ್ದ ಒಂದು ವರ್ಷದಲ್ಲಿ ಅವರು ತಾರಸಿಗೆ ಬರಲಿಲ್ಲ. ಟ್ಯಾಂಕು ನೋಡಲೂ ಮುನಿಲಕ್ಷ್ಮಮ್ಮನನ್ನೇ ಕಳಿಸುತ್ತಿದ್ದರು.

ಅವತ್ತು ಒಳಗೆ ಬಂದು ಟಿವಿ ಆರಿಸಿದೆ. ಮುಚ್ಚಳ ತೆರೆದು ಡಿಸ್ಕನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಷ್ಟು ತಿಂಗಳು ಒಳಗೇ ಇದ್ದರೂ ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.