ಏನೂ ಇಲ್ಲದ ಜಾಗ

“ನಿಮ್ಮ ಕಲ್ಲಿಗೆ ಸ್ವಲ್ಪ ಹೇಳಕ್ಕ, ಬೀಳೋದೇ ಆದ್ರೆ ಬೆಳಗ್ಗೆ ಹತ್ತರ ಮೇಲೆ ಬೀಳಲಿ. ಅಷ್ಟೊತ್ತಿಗೆ ನನ್ನ ಬ್ರೆಡ್ಡೆಲ್ಲ ಖಾಲಿಯಾಗಿರುತ್ತೆ.”

ಫೋನಿನಲ್ಲಿ ತಂಗಿ. ಕಡಲ ದಡದ ಪಟ್ಟಣದಲ್ಲಿ ಅವಳದೊಂದು ಬೇಕರಿ. ಅಕ್ಕನಿಗೆ ದೂರದ ಊರಿನ ಕಚೇರಿಯೊಂದರಲ್ಲಿ ಕೆಲಸ. ಆಕಾಶದಲ್ಲಿ ಅಲೆಯುವ ಬಂಡೆಗಳು ಭೂಮಿಗೆ ಬಡಿಯುವ ಸಂಭವ ಎಷ್ಟೆಂದು ಲೆಕ್ಕ ಹಾಕುವುದು. ಈ ಸಲದ ಬಂಡೆ ಬಂದರೆ ಮುಂದಿನ ವರ್ಷ ಬರುವುದು. ಅದು ಬೀಳಬಹುದಾದ ಗೆರೆ ತಂಗಿಯ ಪಟ್ಟಣದ ನೆತ್ತಿಯ ಮೇಲೆಯೇ ಹಾದುಹೋಗಿತ್ತು.

“ತಮಾಷೆ ಸಾಕು. ಸಾಮಾನು ಒಯ್ಯೋ ಲಾರಿ ಯಾವಾಗ ಬರುತ್ತೆ?”

“ಸಂಜೆ. ನಮ್ಮ ಬೀದಿಯಲ್ಲಿ ಅರ್ಧ ಮನೆಗೆ ಬೀಗ ಬಿದ್ದಿದೆ. ಒಲೆ ಒಡೆದು ಕಬ್ಬಿಣದ ಬಾಗಿಲಾದ್ರೂ ತಗೊಂಡು ಹೋಗೋಣ ಅಂತಾರೆ ಇವರು. ಮಾವ ಕಟ್ಟಿದ ಒಲೆ ಅಕ್ಕ, ಒಂದ್ಸಲ ಒಡೆದ್ರೆ ಮತ್ತೆ ಕಟ್ಟೋ ಕೈ ಎಲ್ಲಿದೆ?”

“ಅತ್ತೆ ಏನಂತಾರೆ?”

“ಕುರ್ಚಿ ಬಿಟ್ಟು ಏಳಲ್ವಂತೆ. ಅಷ್ಟು ದೂರದಿಂದ ನನ್ನ ಹುಡುಕ್ಕೊಂಡು ನೆಂಟ ಬರ್ತಿದ್ದಾನೆ, ಮನೇಲಿ ಇಲ್ದಿದ್ರೆ ಚೆನ್ನಾಗಿರುತ್ತಾ ಅಂತಾರೆ.” ತಂಗಿ ನಕ್ಕಳು, ಆಮೇಲೆ ನಗು ನಿಂತಿತು. “ಹೋದ ವಾರ ಇನ್ನೂರಕ್ಕೆ ಒಂದು ಅಂದೆ, ಈಗ ಮೂವತ್ತಕ್ಕೆ ಒಂದು ಅಂತೀಯ. ನೀವು ನೋಡಿದಷ್ಟೂ ಹೆಚ್ತಿದೆ. ನೋಡೋದನ್ನೇ ಬಿಟ್ಬಿಡಿ ಅತ್ಲಾಗೆ.”

“ಹಾಗಲ್ಲ ಕಣೇ. ಮೇಜಿನ ಮೇಲೆ ದೊಡ್ಡ ಬಟ್ಟೆ ಹಾಸಿದೆ, ಅದರ ಮೇಲೊಂದು ತಟ್ಟೆ ಅಂದ್ಕೋ. ತಟ್ಟೆ ಭೂಮಿ. ಬಂಡೆ ಬಟ್ಟೇಲಿ ಎಲ್ಲಿ ಬೇಕಾದ್ರೂ ಹಾದುಹೋಗಬಹುದು. ನಾವು ಅಳೆದಷ್ಟೂ ಬಟ್ಟೆ ಮಡಚ್ಕೊಂಡು ಚಿಕ್ಕದಾಗುತ್ತೆ, ತಟ್ಟೆ ಅಷ್ಟೇ ಇರುತ್ತೆ. ಅದಕ್ಕೇ ತಟ್ಟೆ ಪಾಲು ಹೆಚ್ಚಿದ ಹಾಗೆ ಕಾಣೋದು. ಇನ್ನೊಂದು ಮಡಿಕೆ ಬಿದ್ರೆ ತಟ್ಟೆ ಪೂರ್ತಿ ಹೊರಗೇ ಉಳೀಬಹುದು.”

“ಒಳಗೇ ಉಳಿದ್ರೆ?”

“ನಾನು ಹೇಳೋವರೆಗೆ ಒಲೆ ಮುಟ್ಟಬೇಡಿ,” ಎಂದು ಅಕ್ಕ ಫೋನಿಟ್ಟಳು.

ಕಚೇರಿಯೆಂದರೆ ಮೂರು ಮೇಜು, ಕಾಲು ಕುಂಟುವ ಒಂದು ಸ್ಟೂಲು, ಗೋಡೆಗೊಂದು ಬಿಳಿ ಬೋರ್ಡು. ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಪಾಠ ಬಿಟ್ಟು ವರ್ಷಗಳಾದರೂ ಹೆಸರು ಬಿಟ್ಟಿರಲಿಲ್ಲ. ಹಳೆಯ ಆಕಾಶಚಿತ್ರಗಳನ್ನು ಜಾಲಾಡುವವನಿಗೆ ಕನ್ನಡಕ ಎಂದೇ ಅಡ್ಡಹೆಸರು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಊರೆಲ್ಲ ಕನ್ನಡಕ ಹುಡುಕುವ ಆಸಾಮಿ.

ಅವನ ಕೈಗೆ ಆ ದಿನ ಒಂದು ಹಳೆಯ ಚಿತ್ರ ಬಂದಿತ್ತು. ವರ್ಷಗಳ ಹಿಂದೆ ಯಾರೋ ಇನ್ಯಾವುದೋ ಕೆಲಸಕ್ಕೆ ತೆಗೆದಿದ್ದು. ಬಂಡೆ ಭೂಮಿಗೆ ಬಡಿಯುವುದೇ ನಿಜವಾದರೆ, ಅಂದು ಅದು ಆ ಚಿತ್ರದಲ್ಲಿ ಉಗುರಿನಷ್ಟು ಜಾಗದೊಳಗೆ ಇದ್ದಿರಲೇಬೇಕು, ಇದು ಅಕ್ಕನ ಲೆಕ್ಕ. ಆ ಜಾಗ ಖಾಲಿಯಿದ್ದರೆ ಬಂಡೆಯ ದಾರಿಯೇ ಬೇರೆ.

ಕನ್ನಡಕ ಚಿತ್ರವನ್ನು ಹಿಗ್ಗಿಸಿದ. “ಸಿಕ್ತು,” ಎಂದು ಮೇಜು ಗುದ್ದಿ ಎರಡೂ ಕೈ ಮೇಲೆತ್ತಿದ. ಆಯುಷ್ಯವೆಲ್ಲ ಚುಕ್ಕಿ ಹುಡುಕಿದವನು, ಚುಕ್ಕಿ ಕಂಡರೆ ಕುಣಿಯುವುದು ಅಭ್ಯಾಸ. ಸಿಕ್ಕಿದ್ದು ಏನೆಂದು ಹೊಳೆದಾಗ ಕೈಗಳು ಮೇಲೇ ನಿಂತುಬಿಟ್ಟವು.

“ಸಿಗಬಾರದು ಅಂತ ಹುಡುಕ್ತಿರೋದು ಕಣೋ,” ಎಂದರು ಮೇಷ್ಟ್ರು ಮೆಲ್ಲಗೆ. ಹೋಗಿ ಕುಂಟು ಸ್ಟೂಲಿನ ಮೇಲೆ ಕೂತರು.

ಉಗುರಿನಷ್ಟು ಜಾಗದ ನಟ್ಟನಡುವೆ ಒಂದು ಮಂಕು ಚುಕ್ಕಿ. ಒಲೆಯ ಮೇಲೆ ಬೀಳುವ ಸುತ್ತಿಗೆ ಅಕ್ಕನ ಕಣ್ಣಿಗೆ ಕಟ್ಟಿತು.

“ಇದಾದ ಮೇಲೆ ಇನ್ನೊಂದು ಚಿತ್ರ ತೆಗೆದಿರ್ತಾರೆ. ಅದನ್ನ ತೆಗಿ,” ಎಂದಳು ಕನ್ನಡಕನಿಗೆ.

“ಇದೆ. ಒಂದು ಗಂಟೆ ಬಿಟ್ಟು ತೆಗೆದಿದ್ದು.”

“ಬಂಡೆಯಾದ್ರೆ ಅಷ್ಟರಲ್ಲಿ ಜರುಗಿರಬೇಕು.”

ಚುಕ್ಕಿ ಜರುಗಿರಲಿಲ್ಲ. ನೆರೆಯ ನಕ್ಷತ್ರಗಳ ನಡುವೆ ಇದ್ದಲ್ಲೇ ಇತ್ತು.

“ನಕ್ಷತ್ರ,” ಎಂದ ಕನ್ನಡಕ, ಕೈ ಇಳಿಸುತ್ತ. “ಯಾರೂ ಲೆಕ್ಕಕ್ಕೆ ಇಡದ ಬಡಪಾಯಿ ನಕ್ಷತ್ರ.”

ಮೇಷ್ಟ್ರು ಏಳಲಿಲ್ಲ. “ಬಂಡೆ ಅಲ್ಲೇ ಇದ್ದೂ ಕಾಣದಷ್ಟು ಮಂಕಾಗಿದ್ರೆ? ಖಾಲಿ ಅಂತ ಹೇಗೆ ಹೇಳ್ತೀಯಮ್ಮ?”

ಅಕ್ಕ ಚುಕ್ಕಿಯ ಬೆಳಕನ್ನು ಅಳೆದಳು. ಮತ್ತೊಮ್ಮೆ ಅಳೆದಳು.

“ಮೇಷ್ಟ್ರೇ, ಇದು ನಮ್ಮ ಬಂಡೆಗಿಂತ ಮಂಕು. ಇದೇ ಎರಡೂ ಚಿತ್ರದಲ್ಲಿ ಕಾಣ್ತಿದೆ ಅಂದ್ಮೇಲೆ, ಬಂಡೆ ಇದ್ದಿದ್ರೆ ಕಾಣಲೇಬೇಕಿತ್ತು. ಅಲ್ಲಿ ಏನೂ ಇಲ್ಲ.”

ಹೆದರಿಸಿದ ಚುಕ್ಕಿಯೇ ಸಾಕ್ಷಿ ನುಡಿದಿತ್ತು. ಮೇಷ್ಟ್ರು ಲೆಕ್ಕವನ್ನು ತಾವೇ ಮೊದಲಿನಿಂದ ಮಾಡಿ ನೋಡಿದರು, ತಪ್ಪು ಸಿಗಲಿಲ್ಲ. ಡಸ್ಟರ್ ಹುಡುಕುವಷ್ಟು ತಾಳ್ಮೆ ಅವರಿಗೆ ಉಳಿದಿರಲಿಲ್ಲ. ಬೋರ್ಡಿನ ಮೇಲಿದ್ದ ‘ಮೂವತ್ತಕ್ಕೆ ಒಂದು’ ಎಂಬುದನ್ನು ಅಂಗಿಯ ತೋಳಿನಿಂದಲೇ ಒರೆಸಿ, ಬೋರ್ಡಿನ ತುಂಬ ಒಂದು ಸೊನ್ನೆ ಬರೆದರು. ಕನ್ನಡಕ ಈ ಸಲ ಧೈರ್ಯವಾಗಿ ಕುಣಿದ. ಹಣೆಯ ಮೇಲಿನ ಕನ್ನಡಕ ನೆಲಕ್ಕೆ ಬಿದ್ದರೂ ನಿಲ್ಲಿಸಲಿಲ್ಲ.

ಅಕ್ಕ ಫೋನು ಮಾಡಿದಾಗ ಹೊತ್ತು ಇಳಿದಿತ್ತು.

“ಏನು ಸಿಕ್ತು?” ತಂಗಿ ಕೇಳಿದಳು.

“ಏನೂ ಸಿಗಲಿಲ್ಲ.”

“ಮತ್ತೆ ಯಾಕೆ ನಗ್ತಿದ್ದೀಯ?”

“ಏನೂ ಸಿಗಲಿಲ್ಲ ಕಣೇ, ಅದಕ್ಕೇ. ಬಂಡೆ ಬರಲ್ಲ. ಒಲೆ ಹಚ್ಚು. ನಾಳೆ ನಾಡಿದ್ದು ಜನ ಹಸ್ಕೊಂಡು ವಾಪಸ್ ಬರ್ತಾರೆ.”

ಆ ಕಡೆ ಮೂಗು ಸೊರ್ರೆಂದ ಸದ್ದು. ಆಮೇಲೆ ಹಿಂದಿನಿಂದ ಅತ್ತೆಯ ಗೊಣಗಾಟ: “ನೆಂಟ ಬರಲ್ವಂತಾ? ಮೊದಲೇ ಹೇಳಿ ಕಳಿಸೋದಲ್ವಾ. ಇಷ್ಟು ದಿನ ಒಳ್ಳೇ ಬಟ್ಟೆ ಹಾಕ್ಕೊಂಡು ಕೂತಿದ್ದೆ.”

“ಅಕ್ಕ, ಲಾರಿಯವನು ಬಾಗಿಲಲ್ಲಿ ನಿಂತಿದ್ದಾನೆ. ಏನು ಹೇಳಲಿ?”

“ಕೂರೋಕೆ ಹೇಳು. ಬಿಸಿ ಬ್ರೆಡ್ ತಗೊಂಡು ಹೋಗಲಿ.”

ತಂಗಿ ಫೋನು ಇಡುವುದನ್ನೇ ಮರೆತು ಓಡಿದಳು. ಅಕ್ಕನ ಕಿವಿಯಲ್ಲಿ ಒಲೆಯ ಕಬ್ಬಿಣದ ಬಾಗಿಲು ಕಿರ್ರೆಂದು ತೆರೆದುಕೊಂಡಿತು.