ನಡುಗಂಬ

"ಏ ಸುಣ್ಣದ ಮುಂಡೆ, ಕೈ ಆಡ್ಸೆ. ಮಂತ್ರಿಗಳು ಬರೋ ಹೊತ್ತಿಗೆ ನಿನ್ನ ಹರಕು ಸೆರಗು ಅಲ್ಲಿ ನೇತಾಡ್ತಿರಬಾರದು."

ಮೇಸ್ತ್ರಿಯ ಬೈಗುಳ ಕಡಲ ದಂಡೆಯ ದೀಪಸ್ತಂಭದ ಬುಡದಿಂದ ಮೇಲೇರಿ ಬಂತು. ಅವಳು ಕುಂಚವನ್ನು ಸುಣ್ಣದ ಡಬ್ಬಕ್ಕೆ ಅದ್ದಿದಳು. ಬಾಯಿ ತೆರೆದರೆ ಸುಣ್ಣ ಒಳಗೆ ಹೋಗುತ್ತದೆ. ತೂಗುಹಲಗೆಯ ಮೇಲೆ ಕೂತು, ಕಾಲನ್ನು ಗೋಡೆಗೆ ಒತ್ತಿ ಬಳಿಯುತ್ತಿದ್ದಳು. ಹಲಗೆಯ ಹಗ್ಗ ಮೇಲಿನ ರಾಟೆ ಹಾಯ್ದು ಕೆಳಗಿಳಿದು, ಬುಡದಲ್ಲಿದ್ದ ಅವಳದೇ ಗುಡಿಸಲಿನ ನಡುಗಂಬಕ್ಕೆ ಬಿಗಿದಿತ್ತು. ದೀಪಸ್ತಂಭ ಕಟ್ಟುವಾಗ ಕಲ್ಲು ಎತ್ತಿದ್ದೂ ಅದೇ ಕಂಬಕ್ಕೆ ಹಗ್ಗ ಸುತ್ತಿ ಎನ್ನುವುದು ಮನೆಯವರ ಮಾತು. ಎತ್ತಿದವರು ಕಂಬದ ಸುತ್ತ ತಡಿಕೆ ಕಟ್ಟಿಕೊಂಡು ಅಲ್ಲೇ ಉಳಿದರು. ಹಗ್ಗ ಕಾಯುವುದು ಮಾತ್ರ ಯಾವತ್ತೂ ಮನೆಯವರೇ. ಈಗ ಗಂಡ ಕಾಯುತ್ತಿದ್ದ.

ದೀಪಸ್ತಂಭವನ್ನು ಮೊದಲಿದ್ದ ಹಾಗೇ ಉಳಿಸಲು ಬಂದ ಸಾಹೇಬ, ಕೈಯಲ್ಲಿದ್ದ ಹಳೇ ಫೋಟೋ ನೋಡಿದ, ಗುಡಿಸಲು ನೋಡಿದ.

"ಇದರಲ್ಲಿ ಈ ಕೊಂಪೆ ಇಲ್ವಲ್ರೀ. ಕೀಳಿಸಿ."

"ಬುದ್ಧಿ, ಹೋದ ವಾರ ಗುಡಿಸಲು ಕೀಳಲ್ಲ ಅಂದಿದ್ರಿ," ಎಂದ ಗಂಡ.

"ಅವಳನ್ನ ಇಳಿಸಿ ಗಂಟುಮೂಟೆ ಕಟ್ಟೋ," ಎಂದ ಮೇಸ್ತ್ರಿ.

ಗುಡಿಸಲ ಹೊಸ್ತಿಲಲ್ಲಿ ಕೂತಿದ್ದ ಅತ್ತೆ ಏಳಲಿಲ್ಲ. "ಫೋಟೋ ತೆಗ್ದೋನು ನಮ್ಮ ಬಾಗಿಲಲ್ಲೇ ನಿಂತು ತೆಗ್ದಿದ್ದು ಬುದ್ಧಿ. ನಮ್ಮತ್ತೆನೇ ಅವನಿಗೆ ನೀರು ಕೊಟ್ಟಿದ್ಳಂತೆ. ಬೆನ್ನ ಹಿಂದಿರೋದು ಫೋಟೋದಲ್ಲಿ ಹೆಂಗೆ ಬರತ್ತೆ?"

"ಮುಚ್ಚೇ ಬಾಯಿ, ಮುದಿ ಗೂಬೆ," ಎಂದ ಮೇಸ್ತ್ರಿ.

ಆಳುಗಳು ಮಾಡಿನ ತಗಡು ಕಿತ್ತರು. ತನ್ನ ಮನೆಯನ್ನು ಅವಳು ಮೇಲಿನಿಂದ ನೋಡಿದ್ದು ಅದೇ ಮೊದಲು. ಒಲೆ, ಮುಚ್ಚಳವಿಲ್ಲದ ಪಾತ್ರೆ, ಸುತ್ತಿಟ್ಟ ಚಾಪೆ, ನಡುವೆ ಕಂಬ. ಇಷ್ಟೇನಾ ಅನ್ನಿಸಿತು.

"ಇಳಿಸ್ತೀನಿ ಕಣೆ, ಗಟ್ಟಿ ಹಿಡ್ಕೋ," ಗಂಡ ಗಂಟಿಗೆ ಕೈ ಹಾಕಿದ.

ಮೇಲೆ ಹೋಗೋಣವೆಂದರೆ, ಒರೆಸಿದ ನೆಲ ಕೊಳೆಯಾದೀತೆಂದು ಮೇಸ್ತ್ರಿ ಬೆಳಿಗ್ಗೆಯೇ ತುದಿಯ ದೀಪದ ಕೋಣೆಯ ಬಾಗಿಲಿಗೆ ಬೀಗ ಜಡಿದಿದ್ದ. ಕೆಳಗಿಳಿದರೆ ಹಗ್ಗ ಬಿಚ್ಚುತ್ತಾರೆ. ಹಗ್ಗ ಬಿಚ್ಚಿದ ಮೇಲೆ ಆ ಕಂಬ ಬರೀ ಸೌದೆ.

"ಬಿಚ್ಬೇಡ್ರಿ," ಎಂದಳು. "ನಾನು ಇಳಿಯಲ್ಲ."

"ಹುಚ್ಚು ಹಿಡೀತೇನೇ ರಂಡೆ? ಮಂತ್ರಿಗಳ ಕಾರು ತಿರುವಿಗೆ ಬಂತು."

"ಬರ್ಲಿ. ಅವರ ಕಣ್ಣೆದುರೇ ಕಂಬ ಕೀಳ್ಸೋ ಬೋಳಿಮಗನೆ. ಅದರ ಜತೆ ನಾನೂ ಬೀಳ್ತೀನಿ."

ಗಂಡ ಗಂಟಿನ ಮೇಲೆ ಇನ್ನೊಂದು ಸುತ್ತು ಬಿಗಿದ. ಅತ್ತೆ ಒಳಗೆ ಹೋಗಿ ಕಂಬ ತಬ್ಬಿ ಕೂತಳು. ಹಾರೆ ಹಿಡಿದವನು ಅದರ ಮೊನೆಯನ್ನು ಕಂಬದ ಬುಡಕ್ಕೆ ಇಟ್ಟು, ಮೀಟಲೂ ಆಗದೆ ತೆಗೆಯಲೂ ಆಗದೆ ಸಾಹೇಬನ ಮುಖ ನೋಡಿದ. ಸಾಹೇಬ ಮೇಲೆ ನೋಡುತ್ತಿದ್ದ.

ಕಾರುಗಳ ಬಾಗಿಲು ತೆರೆದವು. ಡಬ್ಬದಲ್ಲಿ ಸುಣ್ಣ ಮುಗಿದಿತ್ತು. ಅವಳು ಬಳಿದ ಜಾಗವನ್ನೇ ಒಣ ಕುಂಚದಿಂದ ಮತ್ತೆ ಬಳಿಯತೊಡಗಿದಳು.